ಕಾಣದವರ ಋಣ

ವಿದ್ಯೆ ಕಲಿತವನು ಯಾರಿಗೆ ಋಣಿ? ಈ ಪ್ರಶ್ನೆಗೆ ನಮ್ಮ ಹಿರಿಯರು ಎಂದೋ ಉತ್ತರ ಹೇಳಿಟ್ಟಿದ್ದಾರೆ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಹೊತ್ತೇ ಮನುಷ್ಯನು ಹುಟ್ಟುತ್ತಾನೆಂಬುದು ಅವರ ಮಾತು. ಹೆತ್ತವರಿಗೆ ಸಲ್ಲಬೇಕಾದುದೂ, ಕಲಿಸಿದವರಿಗೆ ಸಲ್ಲಬೇಕಾದುದೂ ಇದರಲ್ಲಿ ಅಡಗಿವೆ. ಆದರೆ ನಾವು ಎಂದೂ ನೋಡದ, ಹೆಸರನ್ನು ಸಹ ಕೇಳದ, ನಮಗೆ ಏನನ್ನೂ ಕೊಡದ ಒಬ್ಬ ಮನುಷ್ಯನಿಗೆ ನಾವು ಋಣಿಗಳೇ? ಅವನ ಮಗುವಿಗೆ ನಾಳೆ ಬರಬಹುದಾದ ಜ್ವರವನ್ನು ಇಂದೇ ತಡೆಯುವ ಹೊಣೆ ನಮ್ಮ ಮೇಲೆ ಉಂಟೇ? ಇದು ಬಿಡುವಿನ ವೇಳೆಯ ಚರ್ಚೆಯಂತೆ ತೋರಬಹುದು. ಆದರೆ ಹನ್ನೆರಡನೆಯ ತರಗತಿಯನ್ನೋ ಮೊದಲ ಪದವಿಯನ್ನೋ ಮುಗಿಸಿ, ಮುಂದೇನು ಎಂದು ಯೋಚಿಸುತ್ತಿರುವ ನಮ್ಮ ಹುಡುಗ ಹುಡುಗಿಯರ ಮುಂದೆ ಇದೇ ಪ್ರಶ್ನೆ ವ್ಯಾಸಂಗದ ಆಯ್ಕೆಯ ರೂಪದಲ್ಲಿ ಬಂದು ನಿಂತಿದೆ. ವಿಶ್ವವಿದ್ಯಾನಿಲಯಗಳಲ್ಲಿ ಸಾರ್ವಜನಿಕ ಆರೋಗ್ಯವೆಂಬ ಶಾಸ್ತ್ರವನ್ನು ಕಲಿಸುತ್ತಾರೆ. ಆ ಶಾಸ್ತ್ರದ ತಳಹದಿಯಲ್ಲಿ ಇರುವುದು ಈ ಪ್ರಶ್ನೆಯೇ ಎಂಬುದು ನಮ್ಮ ಅಭಿಮತ.

ಆರೋಗ್ಯಕ್ಕೆ ಸಂಬಂಧಿಸಿದ ವಿದ್ಯೆಯನ್ನು ಓದುತ್ತೇನೆಂದು ಮಗು ಹೇಳಿದ ಕೂಡಲೆ ತಂದೆತಾಯಿಗಳ ಕಣ್ಣ ಮುಂದೆ ಬರುವವನು ವೈದ್ಯ. ಕೊರಳಲ್ಲಿ ಸ್ಟೆತೊಸ್ಕೋಪು, ಬಾಗಿಲಲ್ಲಿ ಹೆಸರಿನ ಫಲಕ, ಹೊರಗೆ ಬೆಂಚಿನ ಮೇಲೆ ಕಾದು ಕುಳಿತ ಜನ. ಆ ವೃತ್ತಿ ಪೂಜ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ವೈದ್ಯನ ಮುಂದೆ ರೋಗಿ ಕುಳಿತಿರುತ್ತಾನೆ. ಅವನಿಗೆ ಮುಖವುಂಟು, ಹೆಸರುಂಟು, ನೋವುಂಟು. ಗುಣವಾದರೆ ಕೈಮುಗಿದು ಹೋಗುತ್ತಾನೆ. ಸಾರ್ವಜನಿಕ ಆರೋಗ್ಯವನ್ನು ಓದಿದವನ ರೋಗಿಯಾದರೋ ಒಂದು ಊರು, ಒಂದು ಕಣಿವೆ, ಒಂದು ಜಿಲ್ಲೆ. ಊರಿನಲ್ಲಿ ಹತ್ತು ಮಕ್ಕಳಿಗೆ ವಾಂತಿಭೇದಿಯಾದರೆ ವೈದ್ಯನು ಹತ್ತು ಮಕ್ಕಳಿಗೂ ಔಷಧ ಕೊಡುತ್ತಾನೆ. ಈತನು ಆ ಹತ್ತು ಮನೆಗಳಿಗೆ ನೀರು ಯಾವ ಕೊಳವೆಯಿಂದ ಬಂದಿತು, ಆ ಕೊಳವೆ ಚರಂಡಿಯನ್ನು ಎಲ್ಲಿ ದಾಟುತ್ತದೆ, ಎಲ್ಲಿ ಒಡೆದಿದೆ ಎಂದು ಹುಡುಕಿಕೊಂಡು ಹೋಗುತ್ತಾನೆ. ಕೊಳವೆ ದುರಸ್ತಿಯಾದರೆ ಹನ್ನೊಂದನೆಯ ಮಗುವಿಗೆ ಬೇನೆ ಬರುವುದಿಲ್ಲ. ಆ ಹನ್ನೊಂದನೆಯ ಮಗು ಯಾರದು? ಅದನ್ನು ಯಾರೂ ಅರಿಯರು. ಅದರ ತಾಯಿಯೂ ಅರಿಯಳು. ತನ್ನ ಮಗುವನ್ನು ಯಾರೋ ಉಳಿಸಿದರೆಂಬುದೇ ತಿಳಿಯದ ಮೇಲೆ ಆಕೆ ಕೈಮುಗಿಯುವುದಾದರೂ ಯಾರಿಗೆ?

ಈ ವಿಚಾರವನ್ನು ನಾವು ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ಉದಾಹರಣೆಗಳಿಂದ ವಿವರಿಸಬಯಸುತ್ತೇವೆ. ಪಶ್ಚಿಮ ಘಟ್ಟದ ಬುಡದಲ್ಲಿ, ಕೇರಳದ ಗಡಿಗೆ ತಾಗಿಕೊಂಡಿರುವ ಈ ಭಾಗವು ಕನ್ನಡಿಗರಿಗೆ ತೀರ ಹೊರಗಿನದಲ್ಲ. ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಒಕ್ಕಲು ಮನೆತನಗಳು ತಲೆಮಾರುಗಳಿಂದ ನೆಲಸಿವೆ. 1755ರಲ್ಲಿ ಹೈದರಾಲಿಯು ಫೌಜುದಾರನಾಗಿ ಬಂದು ಬಲ ಸಂಪಾದಿಸಿದ್ದು ದಿಂಡಿಗಲ್ಲಿನಲ್ಲಿಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಆ ಸೀಮೆ ಮೈಸೂರಿನ ಕೈತಪ್ಪಿ ಇಂಗ್ಲಿಷರ ಪಾಲಾಯಿತು. ಹೀಗೆ ಕೈ ಬದಲಾದ ಇಪ್ಪತ್ತು ವರ್ಷಗಳೊಳಗೆ ಅಲ್ಲಿ ನಡೆದ ಒಂದು ಘಟನೆಯಿಂದಲೇ ನಮ್ಮ ವಿಷಯವನ್ನು ಪ್ರಾರಂಭಿಸಬಹುದು.

1809, 1810, 1811ನೆಯ ಇಸವಿಗಳಲ್ಲಿ ಕೊಯಮತ್ತೂರು, ಮಧುರೆ, ದಿಂಡಿಗಲ್, ತಿರುನೆಲ್ವೇಲಿ ಸೀಮೆಗಳಲ್ಲಿ ಒಂದು ಭೀಕರ ಜ್ವರ ಹಬ್ಬಿ ಅಸಂಖ್ಯ ಜನರನ್ನು ಕೊಂದಿತು. ಮದರಾಸು ಸರ್ಕಾರವು ಕಾರಣವನ್ನು ಅರಿಯಲು ವೈದ್ಯರ ಒಂದು ಸಮಿತಿಯನ್ನು ನೇಮಿಸಿತು. ಭಾರತದ ಔಷಧಗಳ ಬಗ್ಗೆ ಗ್ರಂಥ ಬರೆದ ವೈಟ್‌ಲಾ ಐನ್‌ಸ್ಲಿ ಆ ಸಮಿತಿಯಲ್ಲಿದ್ದನು. ಸಮಿತಿಯ ವರದಿ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಹೆಸರೇ ವಿಚಾರ ಮಾಡತಕ್ಕದ್ದಾಗಿದೆ: ಅದನ್ನು ವೈದ್ಯಕೀಯ, ಭೌಗೋಲಿಕ ಮತ್ತು ಕೃಷಿಸಂಬಂಧವಾದ ವರದಿಯೆಂದು ಕರೆದರು. ಜ್ವರದ ಕಾರಣವನ್ನು ಹುಡುಕಹೊರಟವರು ರೋಗಿಯ ನಾಡಿಯನ್ನು ಹಿಡಿದು ಅಷ್ಟಕ್ಕೆ ನಿಲ್ಲಲಿಲ್ಲ; ಮಳೆ ಹೇಗೆ ಬಿದ್ದಿತು, ನೀರು ಎಲ್ಲಿ ನಿಂತಿತು, ಬೆಟ್ಟದ ತಪ್ಪಲು ಹೇಗಿದೆ, ಜನರು ಏನನ್ನು ಬೆಳೆಯುತ್ತಾರೆಂಬುದನ್ನೆಲ್ಲ ನೋಡಿದರು. ಅವರ ನಿರ್ಣಯ ಸರಿಯಾಗಿರಲಿಲ್ಲ. ಜೌಗುನೆಲದಿಂದಲೂ ಕಾಡಿನಿಂದಲೂ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂದು ಆ ಕಾಲದವರೆಲ್ಲರಂತೆ ಅವರೂ ನಂಬಿದ್ದರು. ಇಂದಿನ ಕಣ್ಣಿಗೆ ಆ ಜ್ವರವು ಮಲೇರಿಯದಂತೆ ತೋರುತ್ತದೆ. ಆದರೂ ದೇಹದೊಳಗಿನ ಬೇನೆಗೆ ದೇಹದ ಹೊರಗೆ ಕಾರಣ ಹುಡುಕಬೇಕೆಂಬ ಅವರ ನೋಟ ಸರಿಯಾಗಿತ್ತು. ನಿಂತ ನೀರನ್ನು ಅವರು ಕಂಡರು. ನೀರಿನಲ್ಲಿದ್ದ ಸೊಳ್ಳೆಯ ಮರಿಯನ್ನು ಕಾಣಲಿಲ್ಲ.

ಸೊಳ್ಳೆಯನ್ನು ಕಾಣುವುದಕ್ಕೆ ಇನ್ನೂ ಎಂಬತ್ತು ವರ್ಷಗಳಿಗೆ ಮೇಲ್ಪಟ್ಟು ಬೇಕಾಯಿತು. ಕಂಡವನು ರೊನಾಲ್ಡ್ ರಾಸ್. ಈತನು ಸೈನ್ಯದ ವೈದ್ಯನಾಗಿದ್ದು, 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾಕ್ಕೆ ಓದಿದನೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ಊರಿನ ನೈರ್ಮಲ್ಯವನ್ನು ಸರಿಪಡಿಸುವ ಕೆಲಸಕ್ಕೆ ಅವನನ್ನು ಕಳುಹಿಸಿದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯದ ಜೀವಾಣುವನ್ನು ಅವನು ಕಂಡುಹಿಡಿದನು. ಹಳ್ಳಕೊಳ್ಳಗಳನ್ನು ಮುಚ್ಚಿಸುವುದು, ಬಾವಿಗಳನ್ನು ಶುಚಿ ಮಾಡಿಸುವುದು, ಸೂಕ್ಷ್ಮದರ್ಶಕದ ಮುಂದೆ ಕಣ್ಣು ನೋಯುವಷ್ಟು ಕಾಲ ಕುಳಿತಿರುವುದು ಇವೆಲ್ಲವೂ ಒಂದೇ ವಿದ್ಯೆಯ ಅಂಗಗಳು.

ಮತ್ತೆ ಕಂಬಂ ಕಣಿವೆಗೆ ಬರೋಣ. 1895ರಲ್ಲಿಯೇ ಪೆರಿಯಾರ್ ಅಣೆಕಟ್ಟು ಮುಗಿದು, ಪಶ್ಚಿಮಕ್ಕೆ ಹರಿದು ಹೋಗುತ್ತಿದ್ದ ನೀರು ಬೆಟ್ಟದಲ್ಲಿ ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿ ಈ ಕಣಿವೆಗೆ ಇಳಿಯಿತು. ಅದನ್ನು ಕಟ್ಟಿಸಿದ ಎಂಜಿನಿಯರು ಜಾನ್ ಪೆನ್ನಿಕ್ವಿಕ್ ಇಂದಿಗೂ ಇಲ್ಲಿನ ಜನರಿಗೆ ದೇವರ ಸಮಾನ. ಲೋಯರ್ ಕ್ಯಾಂಪಿನಲ್ಲಿ ಅವನಿಗೆ ಸ್ಮಾರಕ ಮಂದಿರವಿದೆ. ಪೊಂಗಲ್ ಹಬ್ಬದ ವೇಳೆಗೆ ಬರುವ ಅವನ ಜನ್ಮದಿನದಂದು ರೈತರು ಮಡಕೆಯಿಟ್ಟು ಪೊಂಗಲ್ ಬೇಯಿಸಿ ಅವನನ್ನು ಸ್ಮರಿಸುತ್ತಾರೆ. ಇದು ಕೃತಜ್ಞತೆಯ ಸುಂದರವಾದ ಆಚಾರ. ಆದರೆ ಅದೇ ಅಣೆಕಟ್ಟಿನ ಕೆಲಸದಲ್ಲಿ ಮಲೇರಿಯಕ್ಕೂ ಇತರ ರೋಗಗಳಿಗೂ ತುತ್ತಾಗಿ ಬೆಟ್ಟದ ಕಾಡಿನಲ್ಲಿ ಮಡಿದ ಕೂಲಿಗಾರರ ಹೆಸರುಗಳನ್ನು ಹೇಳಬಲ್ಲವರು ಯಾರಿದ್ದಾರೆ? ಮುಂದೆ ಈ ಸೀಮೆಯ ಊರೂರಿಗೆ ಹೋಗಿ ಗೋಡೆಗಳಿಗೆ ಡಿ.ಡಿ.ಟಿ. ಹೊಡೆದು ಜ್ವರವನ್ನು ತಗ್ಗಿಸಿದ ನೌಕರರ ಹೆಸರೂ ಯಾರಿಗೂ ತಿಳಿಯದು. ನೀರು ತಂದವನ ಉಪಕಾರ ಕಾಣುತ್ತದೆ. ಗದ್ದೆಯಲ್ಲಿ ಹಸುರಾಗಿ ನಿಂತಿರುತ್ತದೆ. ರೋಗ ತಡೆದವನ ಉಪಕಾರ ಕಾಣುವುದಿಲ್ಲ. ಏಕೆಂದರೆ ಅದು ಒಂದು ಇಲ್ಲದಿರುವಿಕೆ.

ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗೆ ಈ ಇಲ್ಲದಿರುವಿಕೆ ದಿನನಿತ್ಯವೂ ಎದುರಿಗೇ ಇದೆ. ಪೋಲಿಯೊ ಬಡಿದ ಕಾಲನ್ನು ಎಳೆದುಕೊಂಡು ತರಗತಿಗೆ ಬರುವ ಹೊಸ ಮಗುವನ್ನು ಇಂದು ಯಾವ ಉಪಾಧ್ಯಾಯರೂ ನೋಡುತ್ತಿಲ್ಲ. ಭಾರತದಲ್ಲಿ ಆ ರೋಗ ಸಹಜವಾಗಿ ತಗುಲಿದ ಕೊನೆಯ ಪ್ರಕರಣ 2011ರ ಜನವರಿಯದು. ಸಿಡುಬಿನ ಕಲೆಯುಳ್ಳ ಮುಖವು ನಮ್ಮ ಮಕ್ಕಳಿಗೆ ಕತೆಯಲ್ಲಿ ಬರುವ ಮಾತಾಗಿದೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. 2023ರ ಲೆಕ್ಕದಲ್ಲಿ ಆ ಸಂಖ್ಯೆ 25. ಎಂದರೆ ಹಳೆಯ ಕಾಲದಲ್ಲಿ ಹಾಜರಿ ಪುಸ್ತಕಕ್ಕೆ ಬಾರದೆ ಹೋಗುತ್ತಿದ್ದ ಹೆಸರುಗಳು ಇಂದು ಬರುತ್ತಿವೆ. ಬೆಳಗ್ಗೆ ಹೆಸರು ಕೂಗುವಾಗ ‘ಬಂದಿದ್ದೇನೆ’ ಎನ್ನುವ ಮಕ್ಕಳಲ್ಲಿ ಆ ಹನ್ನೊಂದನೆಯ ಮಗುವೂ ಇದೆ. ಅದು ಯಾವುದೆಂದು ನಾವು ಬೆರಳು ಮಾಡಿ ತೋರಿಸಲಾರೆವು.

ವೈದ್ಯಳೊಬ್ಬಳು ಹಾಸಿಗೆಯ ಮಗ್ಗುಲಿನಿಂದ ಎದ್ದು ಊರಿನ ಕಡೆಗೆ ನಡೆದುದಕ್ಕೆ ಉದಾಹರಣೆ ಬೇಕಾದರೆ ದಿಂಡಿಗಲ್ಲಿನ ಹತ್ತಿರದ ಗಾಂಧಿಗ್ರಾಮಕ್ಕೆ ಹೋಗಬೇಕು. ಟಿ. ಎಸ್. ಸೌಂದರಂ ಶ್ರೀಮಂತ ಮನೆತನದಲ್ಲಿ ಹುಟ್ಟಿದವರು, ತಂದೆ ಟಿ. ವಿ. ಸುಂದರಂ ಅಯ್ಯಂಗಾರ್ಯರು ಮಧುರೆಯ ಹೆಸರಾಂತ ಮೋಟಾರು ಉದ್ಯಮಿ. ಎಳೆಯ ವಯಸ್ಸಿನಲ್ಲಿಯೇ ವೈಧವ್ಯ ಬಂದಿತು. ಆ ಕಾಲದಲ್ಲಿ ಅಂಥ ಹೆಣ್ಣಿನ ಬಾಳು ಮನೆಯ ಮೂಲೆಯಲ್ಲಿ ಮುಗಿಯುವುದೇ ವಾಡಿಕೆ. ಈಕೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನು ಓದಿದರು. ಗಾಂಧೀಜಿಯವರ ಮಾರ್ಗದಲ್ಲಿ ನಡೆದು, ಜಾತಿಯನ್ನು ಮೀರಿ ಜಿ. ರಾಮಚಂದ್ರನ್ ಅವರನ್ನು 1940ರಲ್ಲಿ ಮದುವೆಯಾದರು. ನಗರದಲ್ಲಿ ದೊಡ್ಡ ಆಸ್ಪತ್ರೆ ತೆರೆದು ಹೆಸರನ್ನೂ ಹಣವನ್ನೂ ಗಳಿಸಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ 1947ರಲ್ಲಿ ಚಿನ್ನಾಳಪಟ್ಟಿಯ ಬಳಿಯ ಬರಡು ನೆಲದಲ್ಲಿ ದಂಪತಿಗಳು ಗಾಂಧಿಗ್ರಾಮವನ್ನು ಸ್ಥಾಪಿಸಿದರು. ತಾಯಂದಿರಿಗೆ ಕಸ್ತೂರಬಾ ಆಸ್ಪತ್ರೆ ಬೆಳೆಯಿತು. 1959ರಲ್ಲಿ ಸುತ್ತಲಿನ ಆತ್ತೂರು ಬ್ಲಾಕಿನ ಹಳ್ಳಿಗಳಲ್ಲಿ ಆರೋಗ್ಯದ ಪ್ರಾಯೋಗಿಕ ಯೋಜನೆಯೊಂದು ಆರಂಭವಾಯಿತು. ಅದರಿಂದ 1964ರಲ್ಲಿ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ ಹುಟ್ಟಿತು. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ನೋಡುವುದು ಒಂದು ಧರ್ಮ; ಬರಲಾರದವರು ಯಾರು, ಏಕೆ ಬರಲಾರರು ಎಂದು ಮನೆಮನೆಗೆ ಹೋಗಿ ಅರಿಯುವುದು ಇನ್ನೊಂದು ಧರ್ಮ. ಮೊದಲನೆಯದರಿಂದ ಎರಡನೆಯದಕ್ಕೆ ದಾಟಿದ ಹೆಜ್ಜೆಯೇ ಸಾರ್ವಜನಿಕ ಆರೋಗ್ಯದ ವ್ಯಾಸಂಗಕ್ಕೆ ಅರ್ಥ ಕೊಡುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಈ ವಿದ್ಯೆ ದೋಷರಹಿತವಾದುದೆಂದು ತಿಳಿಯಬಾರದು. ಇದರಲ್ಲಿ ಎರಡು ಅಪಾಯಗಳಿವೆ. ಅವೆರಡೂ ಅನೇಕರನ್ನು ಒಟ್ಟಿಗೆ ನೋಡುವ ಅಭ್ಯಾಸದಿಂದಲೇ ಹುಟ್ಟುತ್ತವೆ. ಸಾವಿರ ಜನರನ್ನು ಸಂಖ್ಯೆಯಾಗಿ ಬರೆಯದೆ ಈ ಶಾಸ್ತ್ರ ಒಂದು ಹೆಜ್ಜೆಯನ್ನೂ ಇಡಲಾರದು. ಆದರೆ ಬರೆದ ಮೇಲೆ ಸಂಖ್ಯೆಯೊಳಗಿನ ಮನುಷ್ಯನು ಮರೆತುಹೋಗುವುದೂ ಅಷ್ಟೇ ಸುಲಭ.

ಮೊದಲನೆಯ ಅಪಾಯ ಬಲಾತ್ಕಾರ. ಅನೇಕರ ಹಿತಕ್ಕಾಗಿ ಒಬ್ಬನ ಇಚ್ಛೆಯನ್ನು ತುಳಿಯಬಹುದೇ? 1976–77ನೆಯ ಸಾಲಿನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಇಷ್ಟು ಮಂದಿಯನ್ನು ಕರೆತರಬೇಕೆಂದು ಪ್ರತಿಯೊಂದು ಇಲಾಖೆಗೂ ಗುರಿ ಹಾಕಿದರು. ಉತ್ತರದ ಕೆಲವು ರಾಜ್ಯಗಳಲ್ಲಿ ಶಾಲಾ ಉಪಾಧ್ಯಾಯರಿಗೂ ಗುರಿ ವಿಧಿಸಿ, ಮುಟ್ಟದವರ ಸಂಬಳವನ್ನು ತಡೆಹಿಡಿದರು. ಸಂಸಾರ ಚಿಕ್ಕದಾಗಿರಲಿ, ತಾಯಿ ಸುಖವಾಗಿರಲಿ ಎಂಬ ಒಳ್ಳೆಯ ಉದ್ದೇಶದ ಕೆಲಸವೇ ಬಡವನ ಮನೆಯ ಬಾಗಿಲಿಗೆ ಪೋಲೀಸಿನವರನ್ನು ತಂದು ನಿಲ್ಲಿಸಿತು. ಅದರ ಫಲವಾಗಿ ಆರೋಗ್ಯ ನೌಕರರನ್ನು ಕಂಡರೆ ಜನರು ಓಡಿಹೋಗುವಂತಾಯಿತು. ಕಳೆದುಹೋದ ಆ ನಂಬಿಕೆಯನ್ನು ಮರಳಿ ಗಳಿಸಲು ಬಹಳ ಕಾಲ ಹಿಡಿಯಿತು.

ಹಾಗಾದರೆ ಕಾನೂನಿನ ಬಲವೇ ಬೇಡವೆನ್ನೋಣವೇ? ಹಾಗೂ ಹೇಳುವಂತಿಲ್ಲ. 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ ಭಾರತದಲ್ಲಿ ಆ ಬಗೆಯ ಕಾಯಿದೆಗಳಲ್ಲಿ ಮೊದಲನೆಯದು. ನಾಲ್ವರು ಕುಡಿಯುವ ನೀರಿಗೆ ಕೊಳೆ ಬಿಡುವವನನ್ನು ತಡೆಯಲು ಅಂಥ ಕಾನೂನು ಅವಶ್ಯ. ದಿಂಡಿಗಲ್ಲಿನ ಚರ್ಮ ಹದಮಾಡುವ ಕಾರ್ಖಾನೆಗಳ ನೀರು ಸುತ್ತಲಿನ ಬಾವಿಗಳ ನೀರನ್ನು ಕೆಡಿಸಿದುದನ್ನು ವಿಜ್ಞಾನಿಗಳು ಪರೀಕ್ಷಿಸಿ ದಾಖಲೆ ಮಾಡಿದ್ದಾರೆ. ಅಲ್ಲಿ ಬರಿಯ ಉಪದೇಶ ಸಾಲದು. ನಾವು ಕಾಣುವ ವ್ಯತ್ಯಾಸ ಇಷ್ಟು: ಪರರಿಗೆ ಹಾನಿ ಮಾಡುವ ಕೈಯನ್ನು ತಡೆಯಲು ಬಲವನ್ನು ಉಪಯೋಗಿಸಬಹುದು, ಒಬ್ಬನ ಸ್ವಂತ ದೇಹದ ವಿಷಯದಲ್ಲಿ ಅವನ ಒಪ್ಪಿಗೆಯನ್ನು ಬೇಡಬೇಕು, ತಾಳ್ಮೆಯಿಂದ ತಿಳಿಯಹೇಳಬೇಕು. ಇವೆರಡರ ನಡುವೆ ಕಷ್ಟದ ಪ್ರಸಂಗಗಳೂ ಉಂಟು. ಅಂಟುರೋಗದ ಕಾಲದಲ್ಲಿ ಒಬ್ಬನನ್ನು ಮನೆಯಲ್ಲಿಯೇ ಇರಿಸಬೇಕಾಗಬಹುದು. 2020ರಲ್ಲಿ ಕೊರೋನಾ ಬಂದು ಗಡಿ ಮುಚ್ಚಿದಾಗ, ಕಂಬಂ ಮತ್ತು ಬೋಡಿನಾಯಕನೂರಿನ ಕಡೆಯಿಂದ ಘಟ್ಟ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ದಿನಗೂಲಿಗೆ ಹೋಗುತ್ತಿದ್ದ ಹೆಂಗಸರ ದುಡಿಮೆ ನಿಂತಿತು. ಊರಿನ ಹಿತಕ್ಕಾಗಿ ಒಬ್ಬಳನ್ನು ಮನೆಯಲ್ಲಿರು ಎಂದು ಕಟ್ಟುಮಾಡಿದ ಊರು, ಅಂದು ಅವಳ ಒಲೆಯ ಮೇಲೆ ಅನ್ನ ಬೇಯುವಂತೆ ನೋಡಿಕೊಳ್ಳಲು ಬದ್ಧವಾಗಿದೆ. ಇಂಥ ಪ್ರಸಂಗದಲ್ಲಿ ಕಾಣದವರ ಋಣವು ಎರಡೂ ಕಡೆಗೆ ಸಲ್ಲಬೇಕಾದುದು.

ಎರಡನೆಯ ಅಪಾಯ ತಿರಸ್ಕಾರ. ‘ಜನ ಅಜ್ಞಾನಿಗಳು, ಎಷ್ಟು ಹೇಳಿದರೂ ಕೇಳುವುದಿಲ್ಲ’ ಎಂಬುದು ಓದಿದವರ ಬಾಯಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು. ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಅಪೂರ್ವವಾದ ಉತ್ತರ ದೊರೆತಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರ ಮನೆಗಳಿಗೇ ಹೋಗಿ ವಿಚಾರಿಸಿ, 1963ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬುದು ತಿಳಿದೇ ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸಾಲಯಕ್ಕೂ ಹೋಗಿಬಂದಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸುವುದು ನಡೆಯುತ್ತಿತ್ತು. ಜನರು ಬಂದಿದ್ದರು, ಅವರನ್ನು ಎದುರುಗೊಳ್ಳಲು ವ್ಯವಸ್ಥೆಯೇ ಸಿದ್ಧವಾಗಿರಲಿಲ್ಲ. ರೋಗಿಯು ತಾನಾಗಿ ಹೋಗುವ ಸಾಮಾನ್ಯ ಚಿಕಿತ್ಸಾಲಯದಲ್ಲಿಯೇ ಕ್ಷಯವನ್ನು ಪತ್ತೆಮಾಡಿ ಔಷಧ ಕೊಡಬೇಕೆಂಬ ತತ್ತ್ವದ ಮೇಲೆ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಳ್ಳುವುದಕ್ಕೆ ಆ ಸಂಸ್ಥೆಯ ಇಂಥ ಸಂಶೋಧನೆಗಳೇ ಆಧಾರವಾದವು. ಎಣಿಕೆಯನ್ನು ಪ್ರಾಮಾಣಿಕವಾಗಿ ಮಾಡಿದರೆ ಅದು ಬಡವನ ಪರವಾಗಿ ಸಾಕ್ಷಿ ಹೇಳುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮಗೆ ತಿಳಿಯದು. ಸಂಖ್ಯೆಯಿಂದ ಹುಟ್ಟುವ ದೋಷಕ್ಕೆ ಸಂಖ್ಯೆಯನ್ನು ಬಿಡುವುದು ಪರಿಹಾರವಲ್ಲ. ಎಣಿಸುವವನು ಎಣಿಸಲ್ಪಡುವವರ ಮನೆಯ ಹೊಸ್ತಿಲ ಮೇಲೆ ಕುಳಿತು ಅವರ ಮಾತನ್ನು ಕೇಳುವುದೇ ಪರಿಹಾರ.

ಈಗ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಕೆಲವು ವಿವರಗಳನ್ನು ಹೇಳುತ್ತೇವೆ. ಈ ವಿದ್ಯೆಯಲ್ಲಿ ಮುಖ್ಯವಾಗಿ ಕಲಿಸುವುದು ರೋಗಗಳು ಯಾವ ಜನರಲ್ಲಿ, ಯಾವ ಸ್ಥಳದಲ್ಲಿ, ಯಾವ ಕಾಲದಲ್ಲಿ, ಯಾವ ಕಾರಣದಿಂದ ಹರಡುತ್ತವೆಂಬ ಶಾಸ್ತ್ರ, ಸಂಖ್ಯಾಶಾಸ್ತ್ರ, ನೀರು, ಗಾಳಿ, ಆಹಾರಗಳ ನೈರ್ಮಲ್ಯ, ತಾಯಿಮಕ್ಕಳ ಆರೋಗ್ಯ, ಆರೋಗ್ಯ ಶಿಕ್ಷಣ, ಆಡಳಿತ ಮತ್ತು ಕಾನೂನು. ಭಾರತದಲ್ಲಿ ಇದಕ್ಕೆ ಹಿರಿಯ ಸಂಸ್ಥೆ 1932ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ. ಹಿಂದೆ ಇದು ಬಹುಮಟ್ಟಿಗೆ ವೈದ್ಯರೇ ಓದುವ ವಿದ್ಯೆಯಾಗಿತ್ತು. 1997ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಆರಂಭವಾಯಿತು. ಆಮೇಲೆ ಅನೇಕ ಕಡೆಗಳಲ್ಲಿ ಅಂಥ ಪದವಿಗಳು ಏರ್ಪಟ್ಟಿವೆ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗವಿಜ್ಞಾನ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆ.ಎಸ್.ಎಸ್., ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾನಿಲಯ ಇವು ಅವುಗಳಲ್ಲಿ ಕೆಲವು. ಸಾಮಾನ್ಯವಾಗಿ ಇದು ಎರಡು ವರ್ಷಗಳ ವ್ಯಾಸಂಗ. ಪ್ರವೇಶದ ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದರೂ, ವೈದ್ಯರಲ್ಲದೆ ಶುಶ್ರೂಷೆ, ಜೀವವಿಜ್ಞಾನ, ಸಮಾಜವಿಜ್ಞಾನ ಮೊದಲಾದವುಗಳಲ್ಲಿ ಪದವಿ ಪಡೆದವರಿಗೂ ಹಲವೆಡೆ ಅವಕಾಶವುಂಟು. ಸೊಳ್ಳೆ ಮೊದಲಾದ ಕೀಟಗಳ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವಿದೆ. ದೀರ್ಘಕಾಲ ಓದಲು ಅನುಕೂಲವಿಲ್ಲದವರು ಆರೋಗ್ಯ ನಿರೀಕ್ಷಕರ ತರಬೇತಿ, ಸಹಾಯಕ ದಾದಿಯರ ತರಬೇತಿಗಳನ್ನು ಪಡೆಯಬಹುದು. ದಿಂಡಿಗಲ್ ಕಡೆಯವರಿಗೆ ಇಂಥ ತರಬೇತಿಗೆ ಗಾಂಧಿಗ್ರಾಮವೇ ಹತ್ತಿರ.

ಓದಿದ ಮೇಲೆ ದೊರೆಯುವ ಉದ್ಯೋಗಗಳು ಹಲವು ಬಗೆ. ರೋಗದ ಮೂಲವನ್ನು ಹುಡುಕುವ ತಜ್ಞ, ಲೆಕ್ಕ ಬಿಡಿಸುವ ಸಂಖ್ಯಾಶಾಸ್ತ್ರಜ್ಞ, ಕೀಟತಜ್ಞ, ಆಹಾರ ಸುರಕ್ಷತಾ ಅಧಿಕಾರಿ, ಕಾರ್ಖಾನೆ ಹಾಗೂ ತೋಟಗಳ ಕೆಲಸಗಾರರ ಆರೋಗ್ಯ ನೋಡುವವನು, ಆರೋಗ್ಯ ಶಿಕ್ಷಕ, ಜಿಲ್ಲಾ ಕಾರ್ಯಕ್ರಮಗಳ ವ್ಯವಸ್ಥಾಪಕ, ಸಂಶೋಧಕ. ಅನುಭವ ಬಲಿತ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯಂಥ ಕಡೆಗಳಲ್ಲಿ ಕೆಲಸ. ಇವೆಲ್ಲಕ್ಕೂ ಅಡಿಗಲ್ಲಾಗಿ ನಿಂತಿರುವವಳು ಉಪಕೇಂದ್ರದ ಆರೋಗ್ಯ ಸಹಾಯಕಿ. ಬಯಲುಸೀಮೆಯಲ್ಲಿ 5000 ಜನಕ್ಕೆ, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಉಪಕೇಂದ್ರವಿರಬೇಕೆಂಬುದು ನಿಯಮ. ತಮಿಳುನಾಡಿನಲ್ಲಿ ಆಕೆಯನ್ನು ಗ್ರಾಮ ಆರೋಗ್ಯ ದಾದಿ ಎಂದು ಕರೆಯುತ್ತಾರೆ. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ಮಗುವಿಗೆ ಚುಚ್ಚುಮದ್ದು ಬಾಕಿಯಿದೆ ಎಂಬುದು ಆಕೆಯ ಪುಸ್ತಕದಲ್ಲಿರುತ್ತದೆ.

ಸತ್ಯವನ್ನು ಮರೆಮಾಚಿ ಯಾರನ್ನೂ ಒಂದು ಓದಿಗೆ ಎಳೆಯಬಾರದು. ಈ ಪದವಿ ಪಡೆದವರೆಲ್ಲರಿಗೂ ಖಾಯಂ ಹುದ್ದೆ ಕಾದಿಲ್ಲ. ಸರ್ಕಾರದ ಆರೋಗ್ಯ ಕಾರ್ಯಕ್ರಮಗಳಲ್ಲಿ ಅನೇಕ ಹುದ್ದೆಗಳು ಗುತ್ತಿಗೆಯವು. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವೂ ಅದಕ್ಕೆಂದೇ ತರಬೇತಾದ ಅಧಿಕಾರಿವರ್ಗವೂ ಬಹುಕಾಲದಿಂದ ಇವೆ. ಎಲ್ಲ ರಾಜ್ಯಗಳಲ್ಲಿಯೂ ಇಂಥ ಅಧಿಕಾರಿವರ್ಗ ಇರಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. ಹಣವೊಂದನ್ನೇ ಬಯಸುವವನಿಗೆ ಬೇರೆ ದಾರಿಗಳಿವೆ. ಆದರೆ ಜೀವನಕ್ಕೆ ಸಾಕಾಗುವಷ್ಟು ಸಂಬಳವನ್ನು, ಕೆಲಸದ ಭದ್ರತೆಯನ್ನು ಕೇಳುವುದು ಅಧರ್ಮವಲ್ಲ. ಸೇವೆಯ ಹೆಸರಿನಲ್ಲಿ ಮನೆಮನೆ ತಿರುಗುವ ಹೆಣ್ಣುಮಕ್ಕಳಿಗೆ ಕಡಿಮೆ ಕೂಲಿ ಕೊಡುವ ಸಮಾಜವು ತಾನು ತೀರಿಸಬೇಕಾದ ಋಣವನ್ನು ಅವರ ತಲೆಯ ಮೇಲೆ ಹೊರಿಸುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಅಳುಕು ಇರುವುದು ಸಹಜ. ವಿಶ್ವವಿದ್ಯಾನಿಲಯದಲ್ಲಿ ಪಾಠಗಳೆಲ್ಲ ಇಂಗ್ಲಿಷಿನಲ್ಲಿ, ನಮ್ಮಿಂದ ಆದೀತೇ? ಮೊದಲ ವರ್ಷ ಕಷ್ಟವಾಗುವುದು ನಿಜ. ಆದರೆ ಪಾಠ ಇಂಗ್ಲಿಷಿನಲ್ಲಿ ನಡೆದರೂ ಕೆಲಸ ನಡೆಯುವುದು ಜನರ ಮಾತಿನಲ್ಲಿ. ಕಂಬಂ ಕಣಿವೆಯ ಮನೆಯೊಂದರಲ್ಲಿ ಮುದುಕಿಯೊಬ್ಬಳು ತನ್ನ ನೋವನ್ನು ಹೊರಗಿನವರಿಗೆ ತಮಿಳಿನಲ್ಲಿ ಎರಡು ಮಾತಿನಲ್ಲಿ ಮುಗಿಸಿ, ಮಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಪ್ರಶ್ನೆ ಕೇಳುವವನಿಗೆ ಆ ಎರಡನೆಯ ಮಾತು ತಿಳಿಯದಿದ್ದರೆ ಅವನ ಕಾಗದದಲ್ಲಿ ಸುಳ್ಳು ಸಂಖ್ಯೆ ಬೀಳುತ್ತದೆ. ‘ಚಳಿಜ್ವರ’ ಎಂದವಳು ಯಾವ ಜ್ವರವನ್ನು ಹೇಳಿದಳು, ‘ಸುಸ್ತು’ ಎಂದವಳು ಏನನ್ನು ನುಂಗಿಕೊಂಡಳು ಎಂಬುದು ಮನೆಮಾತಿನವನಿಗೆ ತಿಳಿದಷ್ಟು ಬೇರೆಯವನಿಗೆ ತಿಳಿಯದು. ಆದುದರಿಂದ ಮನೆಮಾತು ಈ ವೃತ್ತಿಯಲ್ಲಿ ಒಂದು ಉಪಕರಣವೇ ಆಗಿದೆ. ಕನ್ನಡವನ್ನೂ ನೆರೆಯ ಭಾಷೆಯೊಂದನ್ನೂ ಬಲ್ಲ ಗಡಿನಾಡಿನ ಮಕ್ಕಳು ಈ ಕೆಲಸಕ್ಕೆ ವಿಶೇಷವಾಗಿ ಅರ್ಹರೆಂದೇ ನಾವು ಎಣಿಸುತ್ತೇವೆ. ಗಡಿಯಲ್ಲಿ ಮನುಷ್ಯರನ್ನು ತಡೆಯಬಹುದು. ಸೊಳ್ಳೆಗೂ ನೀರಿಗೂ ಗಡಿಯಿಲ್ಲ.

ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ಮಾತು. ಈ ವಿದ್ಯೆಯ ಮೊದಲ ಪಾಠಕ್ಕೆ ವಿಶ್ವವಿದ್ಯಾನಿಲಯದವರೆಗೆ ಕಾಯಬೇಕಾಗಿಲ್ಲ. ನಮ್ಮ ಹಾಜರಿ ಪುಸ್ತಕವೇ ಅದರ ಮೊದಲ ಪುಟ. ಒಂದೇ ಬೀದಿಯ ಮೂವರು ಮಕ್ಕಳು ಒಂದೇ ವಾರದಲ್ಲಿ ಜ್ವರದಿಂದ ಶಾಲೆಗೆ ಬಾರದಿದ್ದರೆ ಅದು ಮೊದಲು ಗೊತ್ತಾಗುವುದು ಆಸ್ಪತ್ರೆಗಲ್ಲ, ಉಪಾಧ್ಯಾಯನಿಗೆ. ಅದನ್ನು ಆರೋಗ್ಯ ಕೇಂದ್ರಕ್ಕೆ ಆ ದಿನವೇ ತಿಳಿಸಿದರೆ ನಾಲ್ಕನೆಯ ಮಗು ಉಳಿದೀತು. ದೊಡ್ಡ ತರಗತಿಯ ಮಕ್ಕಳಿಗೆ ಗಣಿತದ ಪಾಠವಾಗಿ ತಮ್ಮ ಬೀದಿಯಲ್ಲಿ ನೀರು ನಿಲ್ಲುವ ಸ್ಥಳಗಳನ್ನು ಎಣಿಸಲು ಹೇಳಬಹುದು. ತೆಂಗಿನ ಚಿಪ್ಪು, ಹಳೆಯ ಟೈರು, ಮುಚ್ಚಳವಿಲ್ಲದ ತೊಟ್ಟಿಗಳನ್ನು ಪಟ್ಟಿ ಮಾಡಿಸಬಹುದು. ದ್ರಾಕ್ಷಿ ತೋಟಗಳ ಊರಿನ ಮಕ್ಕಳಾದರೆ, ಔಷಧ ಸಿಂಪಡಿಸುವ ದಿನ ತಂದೆ ಮೂಗುಬಾಯಿ ಮುಚ್ಚಿಕೊಳ್ಳುತ್ತಾನೆಯೇ, ಬಂದು ಕೈ ತೊಳೆದು ಉಣ್ಣುತ್ತಾನೆಯೇ ಎಂದು ಗಮನಿಸಿ ಬರಲಿ. ಯಾರ ಮನೆಯನ್ನೂ ಹೀಗಳೆಯದೆ ಎಣಿಸುವುದನ್ನು, ಎಣಿಸಿದ ಮೇಲೆ ಸುಮ್ಮನಿರದೆ ಏನಾದರೊಂದನ್ನು ಮಾಡುವುದನ್ನು ಮಕ್ಕಳು ಎಳವೆಯಲ್ಲಿಯೇ ಕಲಿಯಬೇಕು.

ಇನ್ನು ಮೊದಲಿನ ಪ್ರಶ್ನೆ. ಕಾಣದವರಿಗೆ ನಾವು ಋಣಿಗಳೇ? ನಮ್ಮ ಉತ್ತರ, ಹೌದು ಎಂಬುದೇ. ನಾವು ಬದುಕಿರುವುದೂ ನಮ್ಮನ್ನು ಕಾಣದವರ ದುಡಿಮೆಯಿಂದಲೇ. ನಮ್ಮ ಊರಿನ ಗೋಡೆಗೆ ಔಷಧ ಹೊಡೆದವನು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಸಿಕೆ ಹೊತ್ತು ಬಂದವಳು, ತೊಟ್ಟಿಯ ನೀರಿಗೆ ಕ್ಲೋರಿನ್ ಹಾಕಿದವನು ಇವರಲ್ಲಿ ಯಾರೂ ನಮ್ಮ ಹೆಸರನ್ನು ಕೇಳಲಿಲ್ಲ. ಅವರಿಗೆ ಆ ಋಣವನ್ನು ಮರಳಿಸಲು ನಮಗೆ ದಾರಿಯಿಲ್ಲ. ಮುಂದೆ ಬರುವವರಿಗೆ ಸಲ್ಲಿಸುವುದೊಂದೇ ದಾರಿ. ಸಾರ್ವಜನಿಕ ಆರೋಗ್ಯವನ್ನು ಓದಹೊರಟ ಹುಡುಗನಾಗಲಿ ಹುಡುಗಿಯಾಗಲಿ ಇದನ್ನು ಅರಿತು ಹೊರಡಲಿ. ಬಾಗಿಲಲ್ಲಿ ಜನ ಕಾದಿರುವುದಿಲ್ಲ, ಕೈಮುಗಿಯುವವರೂ ಕಡಿಮೆ. ಆದರೂ ತೇನಿಗೆ, ದಿಂಡಿಗಲ್ಲಿಗೆ, ತುಮಕೂರಿಗೆ, ನಮ್ಮ ನಿಮ್ಮ ಊರುಗಳಿಗೆ ಇಂಥವರು ಬೇಕಾಗಿದ್ದಾರೆ. ನಮ್ಮ ಶಾಲೆಗಳಿಂದ ವರ್ಷಕ್ಕೆ ಒಬ್ಬರಾದರೂ ಈ ದಾರಿ ಹಿಡಿಯಲಿ, ಹಿಡಿದವರನ್ನು ‘ವೈದ್ಯನಾಗಲಿಲ್ಲವೇ’ ಎಂದು ಯಾರೂ ಹಂಗಿಸದಿರಲಿ ಎಂದು ಬೇಡುತ್ತೇವೆ.